ಅರ್ಧವಿರಾಮದ ಆಚೆ ಈಚೆ

ಹಾಸನ ಜಿಲ್ಲೆಯ ಒಂದು ಮನೆಯ ಮೂವರು ಮಕ್ಕಳು ಒಂದೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋದರೆಂದು ಇಟ್ಟುಕೊಳ್ಳೋಣ. ದೊಡ್ಡವಳು ಬಿ.ಕಾಂ. ಸೇರಿದ್ದು 2019ರಲ್ಲಿ. ಮೂರು ವರ್ಷದ ಹಳೆಯ ಪದವಿ, ಅಂಕಪಟ್ಟಿಯ ಮೇಲೆ ಮೈಸೂರು ವಿಶ್ವವಿದ್ಯಾಲಯದ ಗಂಡಭೇರುಂಡ. ಅವಳ ತಮ್ಮ ಸೇರಿದ್ದು 2022ರಲ್ಲಿ. ಆಗ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲ. ನಾಲ್ಕು ವರ್ಷದ ಪದವಿಯ ಮಾತು, ಮುಕ್ತ ಆಯ್ಕೆಯ ವಿಷಯಗಳು, ಅವುಗಳ ಜೊತೆಗೆ ಕೌಶಲದ ಹೆಸರಿನ ಪತ್ರಿಕೆಗಳು. ಕೊನೆಯವಳು 2024ರಲ್ಲಿ ಸೇರುವ ಹೊತ್ತಿಗೆ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿತ್ತು, ವಿಶ್ವವಿದ್ಯಾಲಯದ ಹೆಸರು ಹಾಸನ ಎಂದಾಗಿತ್ತು. ಅವಳ ಮೊದಲ ವರ್ಷ ಮುಗಿಯುವ ಮೊದಲೇ ಆ ವಿಶ್ವವಿದ್ಯಾಲಯವನ್ನು ಮುಚ್ಚುತ್ತಾರಂತೆ ಎಂಬ ಸುದ್ದಿಯೂ ಬಂತು. ಅದೇ ಮನೆಯ ಚಿಕ್ಕಪ್ಪನ ಮಗ ಐಟಿಐನಲ್ಲಿ ಫಿಟ್ಟರ್ ಕಲಿತ. ಅವನಿಗೆ ಸಿಕ್ಕಿದ್ದು ಕೇಂದ್ರ ಸರ್ಕಾರದ ಟ್ರೇಡ್ ಸರ್ಟಿಫಿಕೇಟ್. ಅಕ್ಕ ತಂಗಿಯರ ವಿಶ್ವವಿದ್ಯಾಲಯಕ್ಕೂ ಅವನ ವರ್ಕ್‌ಶಾಪಿಗೂ ಕಾನೂನಿನಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ.

ಈ ಮನೆ ಕಲ್ಪನೆಯದು, ಬದಲಾವಣೆಗಳೆಲ್ಲ ನಿಜ. ಇವುಗಳಲ್ಲಿ ಯಾವುದು ವಿಧಾನಮಂಡಲದಲ್ಲಿ ಚರ್ಚೆಯಾಗಿ ಕಾಯ್ದೆಯಿಂದ ಬಂತು, ಯಾವುದು ವಿಧಾನಸೌಧದ ಒಂದು ಆದೇಶದ ಹಾಳೆಯಿಂದ ಬಂತು ಎಂದು ಬಿಡಿಸಿ ನೋಡಿದರೆ ಕರ್ನಾಟಕದ ಉನ್ನತ ಶಿಕ್ಷಣದ ಕಾನೂನು ಎತ್ತ ವಾಲಿದೆ ಎಂಬುದು ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಹೆಸರು ಬದಲಾದದ್ದು ಕಾಯ್ದೆಯಿಂದ. ಹುಡುಗರು ಎಷ್ಟು ವರ್ಷ ಓದಬೇಕು, ಏನು ಓದಬೇಕು ಎಂಬುದು ಎರಡು ಸಲ ಬದಲಾದದ್ದು ಬರೀ ಆದೇಶದಿಂದ.

ಬೇರು ಸಂವಿಧಾನದಲ್ಲಿದೆ. 1950ರಲ್ಲಿ ಶಿಕ್ಷಣ ರಾಜ್ಯಪಟ್ಟಿಯ 11ನೇ ನಮೂದಾಗಿತ್ತು. ಕಾರ್ಮಿಕರ ವೃತ್ತಿ ತರಬೇತಿ ಮಾತ್ರ ಆಗಲೇ ಸಮವರ್ತಿ ಪಟ್ಟಿಯ 25ನೇ ನಮೂದಿನಲ್ಲಿ ಒಂಟಿಯಾಗಿ ಕುಳಿತಿತ್ತು. 1976ರ 42ನೇ ತಿದ್ದುಪಡಿ ಶಿಕ್ಷಣವನ್ನೆಲ್ಲ ಎತ್ತಿ ತಂದು ಅದೇ 25ನೇ ನಮೂದಿಗೆ ಸೇರಿಸಿತು. ಹೀಗಾಗಿ ಇಂದು ಆ ನಮೂದಿನಲ್ಲಿ ತಾಂತ್ರಿಕ ಶಿಕ್ಷಣ, ವೈದ್ಯಕೀಯ ಶಿಕ್ಷಣ, ವಿಶ್ವವಿದ್ಯಾಲಯಗಳು ಒಂದು ಕಡೆ, ಕಾರ್ಮಿಕರ ವೃತ್ತಿ ತರಬೇತಿ ಇನ್ನೊಂದು ಕಡೆ, ನಡುವೆ ಒಂದು ಅರ್ಧವಿರಾಮ. ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ಅಧಿಕಾರ ಮಾತ್ರ ರಾಜ್ಯಪಟ್ಟಿಯ 32ನೇ ನಮೂದಿನಲ್ಲಿ ಉಳಿದಿದೆ. ಉನ್ನತ ಶಿಕ್ಷಣದ ಮಟ್ಟವನ್ನು ನಿಗದಿ ಮಾಡುವ ಅಧಿಕಾರ ಕೇಂದ್ರಪಟ್ಟಿಯ 66ರಲ್ಲಿದೆ. ಅಂದರೆ ಮನೆ ಕಟ್ಟುವವರು ರಾಜ್ಯದವರು, ಅಳತೆಗೋಲು ಹಿಡಿದವರು ದೆಹಲಿಯವರು. ಆ ಅರ್ಧವಿರಾಮ ನಮ್ಮ ಆಡಳಿತದಲ್ಲಿ ಒಂದು ಗೋಡೆಯೇ ಆಗಿಬಿಟ್ಟಿದೆ. ವಿಶ್ವವಿದ್ಯಾಲಯ ಉನ್ನತ ಶಿಕ್ಷಣ ಇಲಾಖೆಯಲ್ಲಿ, ಐಟಿಐ ಕೌಶಲಾಭಿವೃದ್ಧಿ ಇಲಾಖೆಯಲ್ಲಿ, ಅಪ್ರೆಂಟಿಸ್ ತರಬೇತಿ 1961ರ ಕೇಂದ್ರ ಕಾಯ್ದೆಯಲ್ಲಿ.

ಮೊದಲು ಹೀಗಿರಲಿಲ್ಲ. ಮೈಸೂರು ಸಂಸ್ಥಾನ 1916ರಲ್ಲಿ ರೆಗ್ಯುಲೇಷನ್ ಹೊರಡಿಸಿ ವಿಶ್ವವಿದ್ಯಾಲಯ ಕಟ್ಟಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ, ಹಿಂದೆ ನಿಂತು ನಡೆಸಿದವರು ದಿವಾನ್ ವಿಶ್ವೇಶ್ವರಯ್ಯ. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಶಾಲೆ ಬಂತು. ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ದಡ ಸೇರಿಸಿದ್ದಕ್ಕೆ ಸರ್ಕಾರ ಕೊಡಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಾವು ತೆಗೆದುಕೊಳ್ಳದೆ ಕಸುಬು ಕಲಿಸುವ ಸಂಸ್ಥೆಗೆ ಬಳಸಲು ಹೇಳಿದರು. 1943ರಲ್ಲಿ ಶುರುವಾದ ಆ ಸಂಸ್ಥೆಯೇ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. ವಿಶ್ವವಿದ್ಯಾಲಯವನ್ನೂ ಕಸುಬಿನ ಶಾಲೆಯನ್ನೂ ಒಬ್ಬರೇ ಮನುಷ್ಯ ಒಂದೇ ಯೋಚನೆಯ ಎರಡು ಕೊಂಬೆಗಳೆಂದು ಕಂಡಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಮುಂಬಯಿ ಪ್ರಾಂತದ ಕಾಯ್ದೆಯಿಂದ, 1949ರಲ್ಲಿ. ಮೊದಲು ಮುಂಬಯಿಯಲ್ಲೇ ಇದ್ದು ಮರುವರ್ಷ ಧಾರವಾಡಕ್ಕೆ ಬಂತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂತು. ಇವೆಲ್ಲ ಒಂದೊಂದು ಕಾಯ್ದೆಗೆ ಒಂದೊಂದು ವಿಶ್ವವಿದ್ಯಾಲಯ ಎಂಬ ಲೆಕ್ಕ.

ಈ ಕಾಯ್ದೆಗಳ ಸಾಲಿನಲ್ಲಿ ನಾನು ಮತ್ತೆ ಮತ್ತೆ ನಿಂತು ನೋಡುವುದು 1963ರ ಕೃಷಿ ವಿಶ್ವವಿದ್ಯಾಲಯ ಕಾಯ್ದೆಯನ್ನು. ಅಮೆರಿಕದಲ್ಲಿ 1862ರ ಮೋರಿಲ್ ಕಾಯ್ದೆಯಿಂದ ಬೆಳೆದ ಭೂದಾನ ಕಾಲೇಜುಗಳ ಮಾದರಿ ಅದರ ಹಿಂದಿತ್ತು. ಟೆನೆಸ್ಸಿ ವಿಶ್ವವಿದ್ಯಾಲಯದ ನೆರವೂ ದೊರೆಯಿತು. ಕೆ.ಸಿ. ನಾಯಕರು ಮೊದಲ ಕುಲಪತಿಯಾಗಿ 1964ರಲ್ಲಿ ಹೆಬ್ಬಾಳದಲ್ಲಿ ಕೆಲಸ ಶುರುವಾಯಿತು. ಈ ಮಾದರಿಯ ಜೀವಾಳ ಪಾಠ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸಂಸ್ಥೆಯ ಹೊಣೆಯಾಗಿಸಿದ್ದು. ವಿಸ್ತರಣೆ ಎಂದರೆ ಹೊಲಕ್ಕೆ ಹೋಗುವುದು. ಒಬ್ಬ ಪ್ರಾಧ್ಯಾಪಕ ರೈತನ ಬದುವಿನ ಮೇಲೆ ನಿಂತು ಮಾತಾಡುವುದು ಇಲ್ಲಿ ಧರ್ಮಕ್ಕೆ ಮಾಡುವ ಕೆಲಸವಲ್ಲ, ಸಂಬಳದ ಕೆಲಸ. ಆದ್ದರಿಂದಲೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ತೆಗೆದ ಇಂಡಾಫ್ ತಳಿಗಳು ಪ್ರಬಂಧದಲ್ಲಿ ಉಳಿಯದೆ ಊರೂರಿನ ಕಣಕ್ಕೆ ಬಂದವು, ಅವರು ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯ ಆದರು. ಕೃಷಿಮೇಳಕ್ಕೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಬರುವ ರೈತ ಕುಟುಂಬಗಳನ್ನು ನೋಡಿದರೆ ಒಂದು ವಿಶ್ವವಿದ್ಯಾಲಯ ಜನರದಾಗುವುದು ಹೇಗೆಂದು ಗೊತ್ತಾಗುತ್ತದೆ. ಕಾಯ್ದೆಯೊಂದೇ ಇದನ್ನೆಲ್ಲ ಮಾಡಿಸಿತು ಎನ್ನಲಾರೆ. ಕಾಯ್ದೆ ದಾರಿ ತೆರೆದಿಟ್ಟಿತ್ತು, ದುಡಿಮೆಯ ಜಗತ್ತಿಗೆ ಹೋಗಿಬರುವುದು ಈ ಸಂಸ್ಥೆಯ ಮೂರರಲ್ಲೊಂದು ಕೆಲಸ ಎಂದು ಒಪ್ಪಿಕೊಂಡಿತ್ತು.

ನೇಯ್ಗೆಯವರಿಗೆ, ಲೇತ್ ಹಿಡಿಯುವವರಿಗೆ, ಅಂಗಡಿಯ ಲೆಕ್ಕ ಬರೆಯುವವರಿಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುವವರಿಗೆ ಅಂಥ ವಿಸ್ತರಣೆಯನ್ನು ನಾವು ಕಟ್ಟಲಿಲ್ಲ. ಸಾಮಾನ್ಯ ವಿಶ್ವವಿದ್ಯಾಲಯಗಳನ್ನು ಒಂದೇ ಚೌಕಟ್ಟಿಗೆ ತಂದದ್ದು 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ. ಮಂಗಳೂರು, ಗುಲ್ಬರ್ಗ ಹುಟ್ಟಿದ್ದು ಅದರ ಅಡಿಯಲ್ಲಿ, 1980ರಲ್ಲಿ. ಅದರ ಜಾಗಕ್ಕೆ 2000ದ ಕಾಯ್ದೆ ಬಂತು, ಈಗಲೂ ನಡೆಯುತ್ತಿರುವುದು ಅದೇ. ಅದನ್ನು ಓದಿದವರಿಗೆ ಅದರ ಭಾರವೆಲ್ಲ ಎಲ್ಲಿ ಬಿದ್ದಿದೆ ಎಂಬುದು ಕೂಡಲೇ ತಿಳಿಯುತ್ತದೆ. ಕುಲಪತಿ ನೇಮಕ, ಕುಲಸಚಿವರ ಅಧಿಕಾರ, ಸಿಂಡಿಕೇಟಿನ ರಚನೆ, ಪರಿನಿಯಮಕ್ಕೆ ಯಾರ ಒಪ್ಪಿಗೆ, ಸರ್ಕಾರ ಯಾವಾಗ ತಪಾಸಣೆ ಮಾಡಬಹುದು. ಹಳೆಯ ವ್ಯವಸ್ಥೆಯಲ್ಲಿದ್ದ ಸೆನೆಟ್ ಎಂಬ ದೊಡ್ಡ ಸಭೆ ಇದರಲ್ಲಿಲ್ಲ. ಸೆನೆಟ್ಟಿನಲ್ಲಿ ಗದ್ದಲ ಹೆಚ್ಚು, ಕೆಲಸ ಕಡಿಮೆ ಎಂಬ ದೂರು ಸುಳ್ಳಲ್ಲ. ಆದರೆ ಊರಿನ ಹತ್ತು ಬಗೆಯ ಜನ ವಿಶ್ವವಿದ್ಯಾಲಯವನ್ನು ಎದುರು ನಿಂತು ಪ್ರಶ್ನೆ ಕೇಳುವ ಜಾಗವೂ ಅದರ ಜೊತೆ ಹೋಯಿತು. ಉಳಿದದ್ದು ಸರ್ಕಾರದ ನಾಮನಿರ್ದೇಶಿತರು ಕೂರುವ ಸಿಂಡಿಕೇಟ್. ಸರ್ಕಾರ ಬದಲಾದಾಗಲೆಲ್ಲ ಆ ಕುರ್ಚಿಗಳೂ ಬದಲಾಗುವುದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಇದರ ಜೊತೆಜೊತೆಗೇ ವಿಷಯಕ್ಕೊಂದು ವಿಶ್ವವಿದ್ಯಾಲಯ ಎಂಬ ದಾರಿಯೂ ಬೆಳೆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕಾಯ್ದೆ 1991ರದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಯ್ದೆಗಳು 1994ರವು. ಮುಂದೆ ಮಹಿಳೆ, ಕಾನೂನು, ಸಂಗೀತ, ಜಾನಪದ, ಸಂಸ್ಕೃತ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ 2016ರ ಕಾಯ್ದೆಯ ಕಲ್ಪನೆ ಒಳ್ಳೆಯದು. ಪಂಚಾಯಿತಿಯಲ್ಲಿ ದುಡಿಯುವವರನ್ನೇ ಕಣ್ಣ ಮುಂದಿಟ್ಟುಕೊಂಡು ಹೊರಟದ್ದು ಅದು.

ಆಮೇಲೆ ಬಂದದ್ದು ಜಿಲ್ಲೆಗೊಂದು ವಿಶ್ವವಿದ್ಯಾಲಯದ ಅಲೆ. 2022ರ ತಿದ್ದುಪಡಿಯಿಂದ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆ ಏಳೂ ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಬಂತು. ಬಂದದ್ದು ಹೇಗೆ? ಹಾಸನದ ಹೇಮಗಂಗೋತ್ರಿ, ಚಾಮರಾಜನಗರದ ಸುವರ್ಣಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರ, ಹಾವೇರಿಯ ಕೆರಿಮತ್ತಿಹಳ್ಳಿ ಇವೆಲ್ಲ ಅದುವರೆಗೆ ಹಳೆಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೇಂದ್ರಗಳು. ಅವುಗಳ ಬೋರ್ಡು ಬದಲಾಯಿತು, ಕುಲಪತಿ ಬಂದರು, ಕುಲಸಚಿವರು ಬಂದರು. ಪಾಠ ಮಾಡುವವರು ಹೆಚ್ಚಲಿಲ್ಲ.

ಹಣದ ದಾರಿ ನೋಡಿದರೆ ಇದರ ಪೆಟ್ಟು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ದೊಡ್ಡ ಪಾಲು ಬರುವುದು ಸಂಯೋಜಿತ ಕಾಲೇಜುಗಳ ಶುಲ್ಕದಿಂದ, ಪರೀಕ್ಷಾ ಶುಲ್ಕದಿಂದ. ಹಾಸನ, ಮಂಡ್ಯ, ಚಾಮರಾಜನಗರದ ಕಾಲೇಜುಗಳು ಕಳಚಿಕೊಂಡ ದಿನ ಮೈಸೂರು ವಿಶ್ವವಿದ್ಯಾಲಯಕ್ಕೆ ಆ ಆದಾಯ ತಪ್ಪಿತು. ನೂರು ವರ್ಷದ ಕಟ್ಟಡಗಳು, ನಿವೃತ್ತರ ಪಿಂಚಣಿ ಮಾತ್ರ ಅದರ ಹೆಗಲ ಮೇಲೇ ಉಳಿದವು. ಪಿಂಚಣಿಗಾಗಿ ಹಿರಿಯ ಪ್ರಾಧ್ಯಾಪಕರು ವಿಶ್ವವಿದ್ಯಾಲಯದ ಗೇಟಿನ ಮುಂದೆ ಕೂರುವ ಸ್ಥಿತಿ ಬಂದದ್ದು ಎಂಥವರಿಗೂ ನೋವು ತರುವ ಸಂಗತಿ. ಅತ್ತ ಹೊಸದಕ್ಕೂ ನಿಲ್ಲುವಷ್ಟು ಶಕ್ತಿ ಸಿಗಲಿಲ್ಲ. ಒಂದು ತುತ್ತನ್ನು ಇಬ್ಬರಿಗೆ ಹಂಚಿ ಇಬ್ಬರನ್ನೂ ಹಸಿದಿಟ್ಟ ಹಾಗಾಯಿತು. ಕೊನೆಗೆ 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಈ ಏಳೂ ಸೇರಿದಂತೆ ಇತ್ತೀಚಿನ ಹತ್ತು ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಲು ಹೇಳಿತು. ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು.

ಆ ಪ್ರತಿಭಟನೆಯನ್ನು ಬರೀ ಜಿಲ್ಲಾ ಅಭಿಮಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕೊಡಗಿನ ಹುಡುಗಿ ಒಂದು ಅಂಕಪಟ್ಟಿಯ ತಿದ್ದುಪಡಿಗಾಗಿ ಘಟ್ಟ ಇಳಿದು ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಗೆ ಹೋಗಿಬರುವುದು, ಅದಕ್ಕೆ ಅವಳ ಅಪ್ಪ ಒಂದು ದಿನದ ಕೂಲಿ ಬಿಡುವುದು ನಿಜವಾದ ಕಷ್ಟ. ಮನೆಗೆ ಹತ್ತಿರ ಎಂಬ ಕಾರಣಕ್ಕೇ ಎಷ್ಟೋ ಹೆಣ್ಣುಮಕ್ಕಳು ಎಂ.ಎ. ಓದಿದ್ದಾರೆ. ಆದರೆ ಆ ಕಷ್ಟಕ್ಕೆ ಬೇಕಾದದ್ದು ಜಿಲ್ಲೆಯಲ್ಲೊಂದು ಗಟ್ಟಿಯಾದ ಕ್ಯಾಂಪಸ್, ಸಾಕಷ್ಟು ಅಧ್ಯಾಪಕರು, ಕೆಲಸ ಮುಗಿಸಿಕೊಡುವ ಒಂದು ಕಚೇರಿ. ಇನ್ನೊಬ್ಬ ಕುಲಪತಿ, ಇನ್ನೊಂದು ಸಿಂಡಿಕೇಟ್ ಅಲ್ಲ. ತೆರೆಯುವಾಗ ಅಧ್ಯಾಪಕರ ಸಂಖ್ಯೆಯನ್ನೂ ಅನುದಾನದ ಸೂತ್ರವನ್ನೂ ಕಾಯ್ದೆಯಲ್ಲೇ ಬರೆದಿದ್ದರೆ ಮುಚ್ಚುವ ಮಾತು ಬರುತ್ತಿರಲಿಲ್ಲ. ಬರೆಯುವುದಕ್ಕೆ ಹಣವಿಲ್ಲ ಎಂದಾಗಿದ್ದರೆ ತೆರೆಯುವ ಮಾತೂ ಬರುತ್ತಿರಲಿಲ್ಲ.

ಕಾನೂನಿನ ಜಗಳವೆಲ್ಲ ಸೇರಿಕೊಂಡಿರುವ ಇನ್ನೊಂದು ಜಾಗ ಕುಲಪತಿಯ ಕುರ್ಚಿ. 2000ದ ಕಾಯ್ದೆಯ 14ನೇ ಪ್ರಕರಣದ ಪ್ರಕಾರ ಶೋಧನಾ ಸಮಿತಿ ಮೂವರ ಹೆಸರು ಕೊಡುತ್ತದೆ, ಕುಲಾಧಿಪತಿಯಾದ ರಾಜ್ಯಪಾಲರು ರಾಜ್ಯ ಸರ್ಕಾರದ ಸಹಮತಿಯೊಂದಿಗೆ ಒಬ್ಬರನ್ನು ನೇಮಿಸುತ್ತಾರೆ. ಆ ಸಹಮತಿ ಎಂಬ ಒಂದು ಪದದಲ್ಲಿ ರಾಜ್ಯದ ಪಾಲು ಅಡಗಿದೆ. ರಾಜ್ಯದ ಕಾಯ್ದೆ ಯುಜಿಸಿ ನಿಯಮಕ್ಕೆ ವಿರುದ್ಧವಾಗಿದ್ದರೆ ಯುಜಿಸಿ ನಿಯಮವೇ ಮೇಲು ಎಂದು ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಯುಜಿಸಿ 2025ರ ಜನವರಿಯಲ್ಲಿ ಹೊರತಂದ ಕರಡು ನಿಯಮಗಳಲ್ಲಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯನ್ನೇ ಬಿಟ್ಟಿತ್ತು. ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ಆರು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಇದನ್ನು ವಿರೋಧಿಸಿದರು. ಇತ್ತ ಕರ್ನಾಟಕ ಗದಗದ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆಯನ್ನು 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ತಂದಿತ್ತು. ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳಗಳೂ ಕುಲಪತಿ, ಕುಲಾಧಿಪತಿಯ ಅಧಿಕಾರ ಕುರಿತು ತಮ್ಮ ತಮ್ಮ ಮಸೂದೆ ತಂದಿವೆ.

ಕರಡಿನ ವಿರುದ್ಧ ರಾಜ್ಯಗಳು ಎತ್ತಿದ ಆಕ್ಷೇಪ ನ್ಯಾಯವಾದದ್ದು. ಸಂಬಳ ಕೊಡುವವರು, ಜಮೀನು ಕೊಟ್ಟವರು, ವಿದ್ಯಾರ್ಥಿಗಳ ಸಿಟ್ಟಿಗೆ ಉತ್ತರ ಹೇಳಬೇಕಾದವರು ರಾಜ್ಯದವರಾಗಿರುವಾಗ ನೇಮಕದಲ್ಲಿ ಅವರ ಮಾತೇ ಇಲ್ಲ ಎನ್ನುವುದು ಒಪ್ಪುವಂಥದ್ದಲ್ಲ. ಹಾಗೆಂದು ರಾಜ್ಯಪಾಲರ ಕೈಯಿಂದ ಕಿತ್ತು ಮುಖ್ಯಮಂತ್ರಿಯ ಕೈಗೆ ಕೊಟ್ಟರೆ ವಿಶ್ವವಿದ್ಯಾಲಯಕ್ಕೆ ಸ್ವಾತಂತ್ರ್ಯ ಬಂದಂತಾಗುವುದಿಲ್ಲ, ಯಜಮಾನ ಬದಲಾದಂತಾಗುತ್ತದೆ ಅಷ್ಟೆ. ಬೆಂಗಳೂರಿನ ಆ 1917ರ ಎಂಜಿನಿಯರಿಂಗ್ ಶಾಲೆಗೆ, ಅಂದರೆ ಇಂದಿನ ಯುವಿಸಿಇಗೆ, 2021ರ ಕಾಯ್ದೆಯಿಂದ ಐಐಟಿ ಮಾದರಿಯ ಸ್ವಾಯತ್ತತೆ ಸಿಕ್ಕಿತು. ವಿಶ್ವೇಶ್ವರಯ್ಯನವರ ಶಾಲೆಗೆ ಸಲ್ಲಬೇಕಾದ ಗೌರವ ಅದು, ಸಂತೋಷ. ಕೊಪ್ಪಳಕ್ಕೆ, ಕಲಬುರಗಿಗೆ ಅಂಥ ಸ್ವಾಯತ್ತತೆ ಏಕೆ ಬೇಡ ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ತರಗತಿಯ ಒಳಗೆ ನಡೆಯುವುದನ್ನು ತೀರ್ಮಾನಿಸಿದ್ದು ಆದೇಶಗಳು ಎಂದೆನಲ್ಲ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಪದವಿ ಮತ್ತೆ ಮೂರು ವರ್ಷವಾಯಿತು. ಯಾವ ನೀತಿ ಮೇಲು ಎಂಬ ವಾದ ಬೇರೆ. ನನ್ನ ತಕರಾರು ಎರಡೂ ಬಂದ ದಾರಿಯ ಮೇಲೆ. ಲಕ್ಷಾಂತರ ಮಕ್ಕಳ ಮೂರು ನಾಲ್ಕು ವರ್ಷದ ಬದುಕನ್ನು ತಿರುಗಿಸುವ ನಿರ್ಧಾರ ಸದನದಲ್ಲಿ ಮಸೂದೆಯಾಗಿ ಬರಲಿಲ್ಲ, ಕಲಂವಾರು ಚರ್ಚೆಯಾಗಲಿಲ್ಲ. ವಿದ್ಯಾವಿಷಯಕ ಪರಿಷತ್ತುಗಳು ಮೇಲಿನಿಂದ ಬಂದದ್ದನ್ನು ಅಂಗೀಕರಿಸುವ ಸಭೆಗಳಾದವು. ಪಠ್ಯಪುಸ್ತಕ ಅಂಗಡಿಗೆ ಬರುವ ಮೊದಲೇ ಸೆಮಿಸ್ಟರ್ ಮುಗಿಯುತ್ತಿದ್ದ ಆ ದಿನಗಳನ್ನು ಪಾಠ ಮಾಡಿದವರೂ ಕಲಿತವರೂ ಮರೆಯುವುದಿಲ್ಲ.

ಪಾಠ ಮಾಡಿದವರು ಎಂದರೆ ಹೆಚ್ಚಾಗಿ ಅತಿಥಿ ಉಪನ್ಯಾಸಕರು. ರಾಜ್ಯದ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದೇ ಅವರ ಮೇಲೆ. ಹತ್ತು ಹದಿನೈದು ವರ್ಷ ದುಡಿದರೂ ಅವರು ಅತಿಥಿಗಳೇ. ಜೂನ್ ಬಂದರೆ ಈ ವರ್ಷ ಕಾರ್ಯಭಾರ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಪದವಿಯ ವಿನ್ಯಾಸ ಬದಲಾದಾಗಲೆಲ್ಲ ಒಂದು ವಿಷಯದ ಗಂಟೆಗಳು ಕಡಿಮೆಯಾಗುತ್ತವೆ, ಆ ಗಂಟೆಗಳ ಹಿಂದೆ ಒಂದು ಮನೆಯ ಅನ್ನ ಇರುತ್ತದೆ. 2023ರ ಕೊನೆಗೆ ಅವರು ತರಗತಿ ಬಿಟ್ಟು ಬೀದಿಗೆ ಬಂದು ಸೇವಾ ಭದ್ರತೆ ಕೇಳಿದರು. ಕುಲಪತಿಯನ್ನು ನೇಮಿಸುವುದು ಹೇಗೆಂದು ಅಷ್ಟು ಬಿಡಿಸಿ ಹೇಳುವ ಕಾಯ್ದೆಗೆ ಒಂದು ತರಗತಿಯನ್ನು ಖಾಲಿ ಬಿಡಬಾರದು ಎಂದು ಹೇಳಲು ಬಾಯಿಲ್ಲ.

ಈಗ ಆ ಅರ್ಧವಿರಾಮದ ಆಚೆಗೆ, ಚಿಕ್ಕಪ್ಪನ ಮಗನ ಕಡೆಗೆ. ಅಲ್ಲಿ ಆಗಿರುವುದು ಕಡಿಮೆಯೇನಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದಿಗೂ ಡೈ ಮತ್ತು ಟೂಲ್ ತಯಾರಿಸುವವರನ್ನು ಬೆಳೆಸುತ್ತಿದೆ, ಅಲ್ಲಿ ಕಲಿತವರಿಗೆ ಕೆಲಸ ಹುಡುಕುವ ಕಷ್ಟ ಕಡಿಮೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ ತರುವ ಯೋಜನೆ 4,600 ಕೋಟಿ ರೂಪಾಯಿಗೂ ಮೇಲ್ಪಟ್ಟದ್ದು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಹೋಗುವ ಮೆಟ್ಟಿಲು ಎಷ್ಟೋ ಬಡವರ ಮಕ್ಕಳನ್ನು ಎಂಜಿನಿಯರ್ ಮಾಡಿದೆ. ಆದರೆ ಇದು ತಾಂತ್ರಿಕ ಶಿಕ್ಷಣದ ಒಳಗಿನ ಮೆಟ್ಟಿಲು. ಬಿ.ಎ., ಬಿ.ಕಾಂ. ಓದುವ ದೊಡ್ಡ ಗುಂಪಿಗೆ ಕಸುಬಿನ ಕಡೆಗೆ ಹೋಗುವ ಅಂಥ ಮೆಟ್ಟಿಲು ಕಟ್ಟಲಿಲ್ಲ. ಬೇರೆ ರಾಜ್ಯಗಳು ಕೌಶಲಕ್ಕೇ ವಿಶ್ವವಿದ್ಯಾಲಯ ಮಾಡಿದವು. ಹರಿಯಾಣದ್ದು 2016ರಲ್ಲಿ, ದೆಹಲಿಯದು 2019ರ ಕಾಯ್ದೆಯಿಂದ, ತೆಲಂಗಾಣದ್ದು 2024ರಲ್ಲಿ. ಕರ್ನಾಟಕವೂ ಹಾಗೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಇನ್ನೊಂದು ವಿಶ್ವವಿದ್ಯಾಲಯ ಎಂದರೆ ಇನ್ನೊಂದು ಗೋಡೆ.

ಗೋಡೆ ಒಡೆಯುವ ಒಂದು ಅವಕಾಶ 2024ರ ಜುಲೈನಲ್ಲಿ ಬಂದು ಹೋಯಿತು. ಸ್ಥಳೀಯರಿಗೆ ಉದ್ಯೋಗ ನೀಡುವ ಮಸೂದೆಗೆ ಸಂಪುಟ ಒಪ್ಪಿತು. ಆಡಳಿತ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಕನ್ನಡಿಗರಿಗೆ ಎಂಬ ಮಾತು ಹೊರಬಿತ್ತು. ಕನ್ನಡಿಗರಿಗೆ ಉದ್ಯೋಗ ಮೀಸಲಿಡಲು ಹೇಳಿದ ಸರೋಜಿನಿ ಮಹಿಷಿ ವರದಿಯ ಕಾಲದಿಂದ, ಅಂದರೆ 1980ರ ದಶಕದಿಂದ ಕಾದಿದ್ದವರಿಗೆ ಹಬ್ಬ, ಉದ್ಯಮದವರಿಗೆ ಗಾಬರಿ. ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಆ ಗದ್ದಲದಲ್ಲಿ ಯಾರೂ ಗಮನ ಕೊಡದ ಒಂದು ಕಲಂ ಅದರಲ್ಲಿತ್ತು. ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಜೊತೆಗೂಡಿ ಮೂರು ವರ್ಷದೊಳಗೆ ಅವರನ್ನು ತರಬೇತುಗೊಳಿಸುವ ಹೊಣೆ ಉದ್ಯಮದ ಮೇಲೆ ಬರುತ್ತಿತ್ತು. ಶೇಕಡಾವಾರಿನ ಜಗಳ ಬದಿಗಿಟ್ಟು ಈ ಒಂದು ಕಲಮನ್ನು ಪ್ರತ್ಯೇಕ ಕಾಯ್ದೆಯಾಗಿ ಬೆಳೆಸಬಹುದಿತ್ತು, ಈಗಲೂ ಬೆಳೆಸಬಹುದು. ಯಾವ ಕಾಲೇಜಿನಲ್ಲಿ, ಯಾರ ಖರ್ಚಿನಲ್ಲಿ, ಯಾವ ಪ್ರಮಾಣಪತ್ರಕ್ಕೆ ಎಂಬ ವಿವರಗಳೇ ಅದರ ಜೀವ. ಕೆಲಸ ಸಿಗದ ಪದವೀಧರರಿಗೆ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುವುದು ಒಳ್ಳೆಯ ಆಸರೆ. ಅದು ಓದು ಮುಗಿದ ಮೇಲಿನ ಆಸರೆ. ಓದುವಾಗಲೇ ದುಡಿಮೆಯ ರುಚಿ ತೋರಿಸುವುದು ಬೇರೆ ಕೆಲಸ.

ಅಂಥ ಒಂದು ಪ್ರಯೋಗ ನಡೆದಿದೆ. 2024-25ರಿಂದ ಕೆಲವು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಪದವಿ ಬಂದಿದೆ. ಯುಜಿಸಿ ಮಾರ್ಗಸೂಚಿಯಂತೆ ಕನಿಷ್ಠ ಒಂದು ಸೆಮಿಸ್ಟರ್ ಸಂಸ್ಥೆಯೊಂದರಲ್ಲಿ ಸ್ಟೈಪೆಂಡ್ ಪಡೆದು ದುಡಿಯಬೇಕು, ಆ ದುಡಿಮೆಗೆ ಕ್ರೆಡಿಟ್. ಕೇಂದ್ರದ ಅಪ್ರೆಂಟಿಸ್ ನಿಯಮ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆನ್ನುತ್ತದೆ. ಬೆಂಗಳೂರಿನ ಕಾಲೇಜಿಗೆ ಅಂಥ ಸಂಸ್ಥೆಗಳು ಬಸ್ಸಿನ ದೂರದಲ್ಲಿವೆ. ಕುಷ್ಟಗಿಯ, ಹನೂರಿನ, ಔರಾದಿನ ಕಾಲೇಜಿಗೆ? ಅಲ್ಲಿರುವುದು ಒಂದೆರಡು ಬ್ಯಾಂಕ್ ಶಾಖೆ, ಸಹಕಾರ ಸಂಘ, ಎಪಿಎಂಸಿ, ತಾಲ್ಲೂಕು ಆಸ್ಪತ್ರೆ, ಪಂಚಾಯಿತಿ ಕಚೇರಿ. ಇವೆಲ್ಲ ಬಹುಪಾಲು ಸರ್ಕಾರದ ಕೈಯಳತೆಯಲ್ಲೇ ಇರುವ ಜಾಗಗಳು. ಇವುಗಳಲ್ಲಿ ಇಷ್ಟು ವಿದ್ಯಾರ್ಥಿಗಳಿಗೆ ಜಾಗ ಕೊಡಲೇಬೇಕು, ಸ್ಟೈಪೆಂಡ್ ಇಂಥ ಲೆಕ್ಕಶೀರ್ಷಿಕೆಯಿಂದ ಬರಬೇಕು, ಅವರನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ ಅದು ಕಾರ್ಯಭಾರವೆಂದೇ ಲೆಕ್ಕವಾಗಬೇಕು ಎಂದು ಕೃಷಿ ವಿಶ್ವವಿದ್ಯಾಲಯದ ವಿಸ್ತರಣೆಯ ಹಾಗೆ 2000ದ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿಸಲು ವಿಧಾನಮಂಡಲಕ್ಕೆ ಯುಜಿಸಿಯ ಅಪ್ಪಣೆ ಬೇಕಿಲ್ಲ, ರಾಜ್ಯಪಾಲರ ಜೊತೆ ಜಗಳವೂ ಬೇಕಿಲ್ಲ. ಅದುವರೆಗೆ ಔರಾದಿನ ಪ್ರಾಂಶುಪಾಲರು ಸೆಮಿಸ್ಟರ್ ಶುರುವಾಗುವ ಮೊದಲು ತಮ್ಮ ಪರಿಚಯದ ಬ್ಯಾಂಕ್ ಮ್ಯಾನೇಜರಿಗೆ, ಸೊಸೈಟಿ ಕಾರ್ಯದರ್ಶಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಮ್ಮ ಹುಡುಗರಿಗೆ ಆರು ತಿಂಗಳು ಜಾಗ ಕೊಡಿ ಎಂದು ಕೇಳುತ್ತಿರಬೇಕಾಗುತ್ತದೆ.